ಕಳೆಯುವ ಮೊದಲು ಸಹಗುಣಕ ನೋಡುತ್ತೇನೆ

ಎರಡು ರೇಖಾತ್ಮಕ ಸಮೀಕರಣಗಳು ಎದುರಿಗಿದ್ದರೆ ನಾನು ತಕ್ಷಣ ಗುಣಿಸಲು ಹೋಗುವುದಿಲ್ಲ. ಯಾವ ಚರಾಕ್ಷರವನ್ನು ವರ್ಜಿಸಿದರೆ ಕೆಲಸ ಹಗುರ ಎಂದು ಸಹಗುಣಕಗಳ, ಅಂದರೆ ಚರಾಕ್ಷರಗಳ ಮುಂದಿರುವ ಸಂಖ್ಯೆಗಳ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ. ಉದಾಹರಣೆಗೆ:

17ಅ + 6ಬ = 45
13ಅ + 9ಬ = 30

ಮೊದಲು ಕಾಣುವುದು ‘ಅ’. ಆದರೆ ಅದನ್ನು ವರ್ಜಿಸಲು 13 ಮತ್ತು 17ರಿಂದ ಗುಣಿಸಬೇಕು, ಸಂಖ್ಯೆಗಳು ಸುಮ್ಮನೆ ಊದಿಕೊಳ್ಳುತ್ತವೆ. 6 ಮತ್ತು 9ರ ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ಬರೀ 18. ಹಾಗಾಗಿ ‘ಬ’ಯನ್ನೇ ಹಿಡಿಯುತ್ತೇನೆ. ಮೊದಲನೆಯದನ್ನು 3ರಿಂದ, ಎರಡನೆಯದನ್ನು −2ರಿಂದ ಗುಣಿಸುತ್ತೇನೆ:

51ಅ + 18ಬ = 135
−26ಅ − 18ಬ = −60

ಕೂಡಿದರೆ 25ಅ = 75, ಅಂದರೆ ಅ = 3. ಇಲ್ಲಿ ಋಣ ಸಂಖ್ಯೆಯಿಂದ ಗುಣಿಸುವುದು ಬೇಕೆಂದೇ. ಕಳೆಯುವಾಗ ಕೆಳಗಿನ ಸಾಲಿನ ಪ್ರತಿ ಪದದ ಚಿಹ್ನೆಯನ್ನೂ ಮನಸ್ಸಿನಲ್ಲೇ ಬದಲಿಸುತ್ತ ಹೋಗಬೇಕು. ತಪ್ಪು ನುಸುಳುವ ಜಾಗ ಅದೇ. ಬದಲಾವಣೆಯನ್ನು ಮೊದಲೇ ಬರೆದುಬಿಟ್ಟರೆ ಉಳಿಯುವುದು ಸಂಕಲನ ಮಾತ್ರ.

ಅ = 3 ಎಂದು ಮೊದಲ ಸಮೀಕರಣದಲ್ಲಿ ಹಾಕಿದರೆ 6ಬ = −6, ಬ = −1. ತಾಳೆ ನೋಡುವುದು ಮಾತ್ರ ಎರಡನೆಯದರಲ್ಲಿ: 39 − 9 = 30, ಸರಿ. ‘ಅ’ ತಪ್ಪಾಗಿ ಬಂದಿದ್ದರೂ, ಅದನ್ನು ಹಾಕಿದ ಸಮೀಕರಣಕ್ಕೆ ಒಪ್ಪುವಂಥ ‘ಬ’ ಹೇಗೂ ಸಿಕ್ಕೇ ಸಿಗುತ್ತದೆ. ಆದ್ದರಿಂದ ಅಲ್ಲೇ ತಾಳೆ ನೋಡಿ ಪ್ರಯೋಜನವಿಲ್ಲ.

ಕೆಲವು ಜೋಡಿಗಳಿಗೆ ಲ.ಸಾ.ಅ.ವೂ ಬೇಡ. 37ಅ + 43ಬ = 123 ಮತ್ತು 43ಅ + 37ಬ = 117 ನೋಡಿ. ಕೂಡಿದರೆ 80ಅ + 80ಬ = 240, ಅಂದರೆ ಅ + ಬ = 3. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಅ − ಬ = −1. ಉತ್ತರ 1 ಮತ್ತು 2. ಇಂಥದ್ದು ಸಿಕ್ಕಾಗ ನನಗೆ ಈಗಲೂ ಖುಷಿಯಾಗುತ್ತದೆ.

ಎರಡೂ ಚರಾಕ್ಷರ ಒಟ್ಟಿಗೆ ಮಾಯವಾದರೂ ಗಾಬರಿ ಬೇಡ. 0 = 0 ಉಳಿದರೆ ಎರಡೂ ಒಂದೇ ರೇಖೆ, ಪರಿಹಾರಗಳು ಅಪರಿಮಿತ. 0 = 7ರಂಥದ್ದು ಉಳಿದರೆ ರೇಖೆಗಳು ಸಮಾಂತರ, ಪರಿಹಾರವಿಲ್ಲ.

ಮೂರು ಸಮೀಕರಣಗಳಿದ್ದರೆ ಅಕ್ಷರಗಳನ್ನೇ ಬಿಟ್ಟು ಸಂಖ್ಯೆಗಳನ್ನಷ್ಟೇ ಸಾಲಾಗಿ ಬರೆಯುತ್ತೇನೆ. ಪ್ರಾಚೀನ ಚೀನಾದ ‘ಗಣಿತ ಕಲೆಯ ಒಂಬತ್ತು ಅಧ್ಯಾಯಗಳು’ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಎಣಿಕೆ ಕಡ್ಡಿಗಳನ್ನು ಜೋಡಿಸಿ ಹೀಗೆಯೇ ಮಾಡುತ್ತಿದ್ದರು. ಕ್ರಿ.ಶ. 263ರಲ್ಲಿ ಗಣಿತಜ್ಞ ಲಿಯು ಹುಯಿ ಅದಕ್ಕೆ ವ್ಯಾಖ್ಯಾನ ಬರೆದ. ಅಲ್ಲಿನ ಮೊದಲ ಲೆಕ್ಕವನ್ನು, ಸಾಲುಗಳ ಕ್ರಮ ಬದಲಿಸಿ, ನಾನು ಹೀಗೆ ಬಿಡಿಸುತ್ತೇನೆ (ಗೆರೆಯ ಎಡಕ್ಕೆ ಕ್ರಮವಾಗಿ ಅ, ಬ, ಕಗಳ ಸಹಗುಣಕಗಳು, ಬಲಕ್ಕೆ ಸಮ ಚಿಹ್ನೆಯ ಆಚೆಗಿನ ಸಂಖ್ಯೆ):

1, 2, 3 | 26
2, 3, 1 | 34
3, 2, 1 | 39

1 ಇರುವ ಸಾಲನ್ನು ಮೇಲಿಟ್ಟಿದ್ದು ಭಿನ್ನರಾಶಿ ಬೇಗ ಬಾರದಿರಲಿ ಎಂದು. ಕೆಳಗಿನ ಎರಡೂ ಸಾಲುಗಳಿಂದ ಒಂದೇ ಅಕ್ಷರವನ್ನು ತೆಗೆಯಬೇಕು. ಒಂದರಲ್ಲಿ ‘ಅ’, ಇನ್ನೊಂದರಲ್ಲಿ ‘ಬ’ ತೆಗೆದರೆ ಮೂರೂ ಅಕ್ಷರ ಹಾಗೇ ಉಳಿಯುತ್ತವೆ. ಮೊದಲ ಸಾಲಿನ ಎರಡರಷ್ಟನ್ನು ಎರಡನೆಯದರಿಂದ, ಮೂರರಷ್ಟನ್ನು ಮೂರನೆಯದರಿಂದ ತೆಗೆದರೆ:

0, −1, −5 | −18
0, −4, −8 | −39

ಇವುಗಳಲ್ಲಿ ಮೇಲಿನದರ ನಾಲ್ಕರಷ್ಟನ್ನು ಕೆಳಗಿನದರಿಂದ ತೆಗೆದರೆ 12ಕ = 33. ಭಾಗಿಸುವುದು ಇಲ್ಲಿಗೆ ಬಂದಮೇಲೆಯೇ: ಕ = 11/4. ಅಲ್ಲಿಂದ ಮೇಲಕ್ಕೆ ಏರುತ್ತ ಬ = 17/4, ಅ = 37/4. ಕೊನೆಯ ಸಾಲಿನಲ್ಲಿ ತಾಳೆ: (111 + 34 + 11)/4 = 39.