ಲಿವರ್ ಎರಡಿರಬೇಕಿತ್ತು, ನನಗೆ 1.4 ಬಂತು

ಮುಂಬೈನ ಪವಾಯಿಯಲ್ಲಿರುವ ಐಐಟಿಗೆ ಪಿಎಚ್‌ಡಿ ಸಂದರ್ಶನಕ್ಕೆ ಹೊರಟ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನೀನು ಇಂಜೆಕ್ಷನ್ ಕೊಡೋ ಡಾಕ್ಟರಾ?" ಅಲ್ಲಪ್ಪಾ, ಬೇರೆಯವರು ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರದ ಲೆಕ್ಕ ಮಾಡುವವನು ಅಂದೆ. ಡೊಂಬಿವಲಿ ಲೋಕಲ್‌ನ ನೂಕುನುಗ್ಗಲಲ್ಲಿ ಅದಕ್ಕಿಂತ ಜಾಸ್ತಿ ವಿವರಿಸಲು ಆಗಲಿಲ್ಲ.

ನಾನು ಓದಿದ್ದು ಕಂಪ್ಯೂಟರ್ ಎಂಜಿನಿಯರಿಂಗ್. ಪಿಎಚ್‌ಡಿಗೆ ಸೇರಿಸಿಕೊಳ್ಳಿ ಎಂದು ಮೊದಲು ಇಪ್ಪತ್ತು ಪ್ರೊಫೆಸರ್‌ಗಳಿಗೆ ಒಂದೇ ಇಮೇಲ್ ಕಳಿಸಿದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಯಾಕೆ ಬರೀಬೇಕು, ಅಲ್ವಾ?

ಆಮೇಲೆ ಸಂಶೋಧಕರಿಗೆ ಸ್ಕ್ಯಾನ್‌ಗಳನ್ನು ಒದಗಿಸುವ ಜಾಲತಾಣ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಿಂದ ಪೆಟ್ (ಇಂಜೆಕ್ಷನ್‌ನಲ್ಲಿ ಕೊಟ್ಟ ವಿಕಿರಣದ ಮದ್ದು ದೇಹದಲ್ಲಿ ಎಲ್ಲಿ ಸೇರಿದೆ ಎಂದು ತೋರಿಸುವ) ಸ್ಕ್ಯಾನ್‌ಗಳನ್ನು ಇಳಿಸಿಕೊಂಡೆ. ಜರ್ಮನಿಯ ಟ್ಯೂಬಿಂಗನ್ ಆಸ್ಪತ್ರೆಯ 900 ರೋಗಿಗಳ 1,014 ಸ್ಕ್ಯಾನ್ ಅಲ್ಲಿವೆ. ನನ್ನ ಲ್ಯಾಪ್‌ಟಾಪ್‌ಗೆ ಮೂವತ್ತೇ ಸಾಕಾಯಿತು. ಇವು ಎಫ್‌ಡಿಜಿ ಸ್ಕ್ಯಾನ್‌ಗಳು. ಎಫ್‌ಡಿಜಿ ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಒಂಥರಾ ಗ್ಲೂಕೋಸ್. ಕ್ಯಾನ್ಸರ್ ಕೋಶಗಳು ಅದನ್ನು ಹಸಿದವರ ಹಾಗೆ ಎಳೆದುಕೊಳ್ಳುತ್ತವೆ. ಎಷ್ಟು ಎಳೆದುಕೊಂಡವು ಅನ್ನುವುದನ್ನು ಕೊಟ್ಟ ಡೋಸ್‌ಗೂ ರೋಗಿಯ ತೂಕಕ್ಕೂ ಹೋಲಿಸಿದರೆ ಎಸ್‌ಯುವಿ ಅನ್ನುವ ಅಳತೆ ಸಿಗುತ್ತದೆ. ಆರೋಗ್ಯವಾಗಿರುವ ಲಿವರ್‌ನಲ್ಲಿ ಅದು ಸುಮಾರು 2. ನನಗೆ 1.4ರ ಆಸುಪಾಸಿನಲ್ಲೇ ಬರುತ್ತಿತ್ತು.

ಎರಡು ವಾರ ತಲೆ ಕೆರೆದುಕೊಂಡೆ. ಕೊನೆಗೆ ಹೊಳೆಯಿತು: ಇಂಜೆಕ್ಷನ್ ಕೊಟ್ಟ ಸುಮಾರು ಒಂದು ಗಂಟೆ ನಂತರ ಸ್ಕ್ಯಾನ್ ಮಾಡುತ್ತಾರೆ. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಅಂದರೆ ಸ್ಕ್ಯಾನ್ ಶುರುವಾಗುವ ಹೊತ್ತಿಗೆ ಹತ್ತಿರ ಮೂರರಲ್ಲೊಂದು ಪಾಲು ಮುಗಿದಿರುತ್ತದೆ. ನಾನೋ, ಇಡೀ ಡೋಸ್‌ನಿಂದ ಭಾಗಿಸುತ್ತಾ ಕೂತಿದ್ದೆ!

ಗಡ್ಡೆ ಹುಡುಕಲು ಬರೆದ ಮುಂದಿನ ಪ್ರೋಗ್ರಾಮ್ ಮೂತ್ರಕೋಶವನ್ನೇ ಗಡ್ಡೆ ಅಂದಿತು. ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿರುವ, ಉಡುಪಿ ಕಡೆಯ ಅಕ್ಕ ಒಬ್ಬರಿಗೆ ತೋರಿಸಿದೆ. "ಎಂತ ಮಾರಾಯ, ಆ ಜನಕ್ಕೆ ಮೂತ್ರ ಬಂದಿದೆ, ಅಷ್ಟೇ" ಎಂದು ನಕ್ಕರು. ಎಫ್‌ಡಿಜಿ ಹೊರಗೆ ಹೋಗುವ ದಾರಿಯೇ ಅದು.

ಈ ಎರಡು ತಪ್ಪುಗಳನ್ನೇ ಎರಡು ಪುಟದಲ್ಲಿ ಬರೆದು ಐದು ಪ್ರೊಫೆಸರ್‌ಗಳಿಗೆ ಕಳಿಸಿದೆ. ಇಬ್ಬರು ಉತ್ತರಿಸಿದರು. ಸಂದರ್ಶನದ ಅರ್ಧ ಹೊತ್ತು ಆ 1.4ರ ಮೇಲೆಯೇ ಹೋಯಿತು. ಲೀನಿಯರ್ ಆಲ್ಜಿಬ್ರಾದಲ್ಲಿ ತಡವರಿಸಿದೆ, ಆದರೂ ಸೀಟು ಸಿಕ್ಕಿತು. ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಪವಾಯಿ ಬಾಡಿಗೆಗೆ ಸಾಲದು, ಡೊಂಬಿವಲಿಯೇ ಗತಿ.

ಸೇರುವ ಮೊದಲು ಗೈಡ್‌ ಹತ್ತಿರ ಒಂದು ಮಾತು ಕೇಳಿ: ಆಸ್ಪತ್ರೆಯ ಡೇಟಾಗೆ ಎಥಿಕ್ಸ್ ಕಮಿಟಿಯ ಅನುಮತಿ ಬಂದಿದೆಯಾ, ಇನ್ನೂ ಬರಬೇಕಾ? ನಾನು ಕೇಳಲಿಲ್ಲ. ಎಂಟು ತಿಂಗಳು ಕಾದೆ. ಅಷ್ಟೂ ದಿನ ಲೆಕ್ಕ ಮಾಡಿದ್ದು ಅದೇ ಟ್ಯೂಬಿಂಗನ್ ಲಿವರ್‌ಗಳದ್ದು.