ರೇಷ್ಮೆ ಹುಳು ಮನೆಯಲ್ಲಿ ಅಣಬೆ: ನಾನು ಶುರು ಮಾಡಿದ ರೀತಿ

ಚಿಪ್ಪು ಅಣಬೆ (ಆಯ್ಸ್ಟರ್ ಮಶ್ರೂಮ್) ಕೊಯ್ದು ಹೊರಗಿಟ್ಟರೆ ಮಾರನೇ ದಿನಕ್ಕೇ ಬಾಡುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಮೂರ್ನಾಲ್ಕು ದಿನ, ಅಷ್ಟೇ. ಅದಕ್ಕೇ ನಾನು ಬೀಜ ತರುವ ಮೊದಲು ಗಿರಾಕಿ ಹುಡುಕಿದೆ. ಮದ್ದೂರು, ಮಂಡ್ಯದ ತರಕಾರಿ ಅಂಗಡಿ, ಹೋಟೆಲ್ಲು, ಹೆದ್ದಾರಿ ಪಕ್ಕದ ಡಾಬಾ, ಎಲ್ಲ ಕಡೆ ಕೇಳಿದ್ದು ಒಂದೇ: ವಾರಕ್ಕೆ ಎಷ್ಟು ಬೇಕು, ಯಾವ ದಿನ ಬೇಕು? ಆ ಲೆಕ್ಕ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಮುಂದಿನ ಕೆಲಸ.

ಅಂಗಡಿಯವರು ಬಟನ್ ಅಣಬೆ ಕೇಳುತ್ತಿದ್ದರು. ಆದರೆ ಅದು ಬಿಡಲು 15ರಿಂದ 18 ಡಿಗ್ರಿ ತಂಪು ಬೇಕು. ನಮ್ಮ ಕಡೆ ಏಸಿ ಇಲ್ಲದೆ ಆಗದು. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಸಾಕು, ಭತ್ತದ ಹುಲ್ಲು ಸಾಕು. ಹುಲ್ಲಿಗೆ ನಮ್ಮಲ್ಲಿ ಬರವೇ? ಮಳೆಗಾಲದಲ್ಲಿ ಹುತ್ತದ ಅಣಬೆ ಹುಡುಕಿ ಸಾರು ಮಾಡಿ ಮುದ್ದೆ ಜೊತೆ ಉಂಡವರಿಗೆ ಇದರ ರುಚಿ ಹೇಳಿಕೊಡಬೇಕಾಗಿಲ್ಲ.

ಕೆಲಸ ಕಲಿತದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಬೀಜವೂ ಅಲ್ಲಿಂದಲೇ. ಬೀಜ ಅಂದರೆ ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ. ಬೆಳ್ಳಗೆ ಹತ್ತಿಯಂತೆ ಹಬ್ಬಿರಬೇಕು, ಹಸಿರು ಚುಕ್ಕೆ ಕಂಡರೆ ಮುಟ್ಟಬಾರದು. "ಬೀಜ ನಮ್ಮಲ್ಲೇ ತಗೊಳ್ಳಿ, ಅಣಬೆ ನಾವೇ ವಾಪಸ್ ಕೊಳ್ತೀವಿ" ಅನ್ನುವವರು ಬಹಳ ಮಂದಿ ಸಿಗುತ್ತಾರೆ. ಆ ಮಾತು ನಂಬಿ ಬಂಡವಾಳ ಹಾಕಬೇಡಿ. ನಿಮ್ಮ ಗಿರಾಕಿಯನ್ನು ನೀವೇ ಹುಡುಕಿಕೊಳ್ಳಿ.

ಹೊಸ ಶೆಡ್ ಕಟ್ಟಲಿಲ್ಲ. ಖಾಲಿ ಬಿದ್ದಿದ್ದ ರೇಷ್ಮೆ ಹುಳು ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಸುಣ್ಣ ಬಳಿದೆವು. ಕಿಟಕಿಗೆ ನೊಣ ನುಗ್ಗದಂತೆ ಸಣ್ಣ ಕಣ್ಣಿನ ಬಲೆ, ಗೋಡೆಗೆ ಒದ್ದೆ ಗೋಣಿತಾಟು.

ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡುತ್ತೇವೆ. ಆಮೇಲೆ ಸೋಸಿ ಆರಿಸಬೇಕು. ಇಡೀ ಬೆಳೆ ನಿಂತಿರುವುದು ಈ ಆರಿಸುವುದರ ಮೇಲೆ. ಹುಲ್ಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ನೀರು ಜಾಸ್ತಿಯಾದರೆ ಚೀಲದ ತಳ ಕೊಳೆತು ವಾಸನೆ ಬರುತ್ತದೆ, ಹಸಿರು ಬೂಸ್ಟು ಹಿಡಿಯುತ್ತದೆ. ಕಮ್ಮಿಯಾದರೆ ಬೀಜ ಹಬ್ಬುವುದೇ ಇಲ್ಲ. ಈ ಕೆಲಸವನ್ನು ನಾನು ಆಳುಗಳಿಗೆ ಬಿಡುವುದಿಲ್ಲ, ಇವತ್ತಿಗೂ ನನ್ನ ಕೈಯಲ್ಲೇ ಹಿಂಡಿ ನೋಡುತ್ತೇನೆ.

ಪ್ಲಾಸ್ಟಿಕ್ ಚೀಲಕ್ಕೆ ಪದರ ಪದರವಾಗಿ ಹುಲ್ಲು, ಬೀಜ ತುಂಬಿ, ತೂತು ಮಾಡಿ ಕತ್ತಲೆ ಕೋಣೆಯಲ್ಲಿಟ್ಟರೆ ಸುಮಾರು ಮೂರು ವಾರದಲ್ಲಿ ಚೀಲ ಬೆಳ್ಳಗಾಗುತ್ತದೆ. ಆಗ ಸೀಳಿ, ಗಾಳಿ ಬೆಳಕು ಬರುವ ಕಡೆ ನೇತುಹಾಕಿ ನೀರು ಚಿಮುಕಿಸಬೇಕು. ಗಾಳಿ ಆಡದಿದ್ದರೆ ಕಾಂಡ ಉದ್ದ, ಕೊಡೆ ಸಣ್ಣದಾಗುತ್ತದೆ. ಅಂಥ ಅಣಬೆಗೆ ಅಂಗಡಿಯವರು ಬೆಲೆ ಕೊಡುವುದಿಲ್ಲ. ಅಂಚು ಮೇಲಕ್ಕೆ ತಿರುಗುವ ಮೊದಲೇ ಕೊಯ್ಯಬೇಕು. ತಡವಾದರೆ ಬೀಜಕಣದ ಧೂಳು ಹಾರಿ ಕೆಮ್ಮು ಬರುತ್ತದೆ, ಹಾಗಾಗಿ ಒಳಗೆ ಹೋಗುವಾಗ ಮಾಸ್ಕ್ ಹಾಕಿಯೇ ಹೋಗಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಒಣ ಹುಲ್ಲಿನ ಚೀಲದಿಂದ ಮೂರು ಕೊಯ್ಲು ಸೇರಿ 600 ಗ್ರಾಂ ಬರುತ್ತದೆ ಎಂದು ಹಿಡಿದೆ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು ಬರುತ್ತದೆ, ಆದರೆ ಯೋಜನೆ ಮಾಡುವಾಗ ಕಮ್ಮಿಯೇ ಹಿಡಿಯಬೇಕು. ಎಲ್ಲ ಚೀಲ ಒಂದೇ ಸಲ ತುಂಬಿದರೆ ಎಲ್ಲವೂ ಒಟ್ಟಿಗೇ ಬಿಡುತ್ತವೆ. ಅಷ್ಟನ್ನು ಯಾರಿಗೆ ಮಾರುವುದು? ಅದಕ್ಕೇ ವಾರಕ್ಕೆ 20 ಚೀಲದಂತೆ ತುಂಬುತ್ತಾ ಹೋದೆವು. ಸರದಿ ಕೂಡಿಕೊಂಡ ಮೇಲೆ ವಾರಕ್ಕೆ ಸುಮಾರು 12 ಕಿಲೋ ಸಿಗುತ್ತದೆ, ಹೆಚ್ಚೂಕಮ್ಮಿ ಆದರೂ ನಿಲ್ಲುವುದಿಲ್ಲ. ಅಂಗಡಿಯವರಿಗೆ ಬೇಕಾಗಿರುವುದು ಅದೇ ಅಲ್ವಾ? ಗಿರಾಕಿ ಹೆಚ್ಚಿದ ಮೇಲೆ ಚೀಲ ಹೆಚ್ಚಿಸಿದೆ, ಮೊದಲೇ ಅಲ್ಲ.

ಉಳಿದದ್ದನ್ನು ಒಣಗಿಸುತ್ತೇವೆ. ಹತ್ತು ಕಿಲೋ ಹಸಿ ಅಣಬೆ ಒಣಗಿದರೆ ಒಂದು ಕಿಲೋ ಆಗುತ್ತದೆ. ಅದನ್ನು ಪ್ಯಾಕೆಟ್ ಮಾಡಿ ಮಾರಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿದ್ದೇನೆ. ಕೊಯ್ದು ಮುಗಿದ ಹುಲ್ಲು ಎರೆಗೊಬ್ಬರದ ತೊಟ್ಟಿಗೆ.

ಮಾರ್ಚ್ ಬಂದರೆ ಚಿಪ್ಪು ಅಣಬೆ ಸೊರಗುತ್ತದೆ. ಆಗ ಹಾಲಣಬೆಗೆ (ಮಿಲ್ಕಿ ಮಶ್ರೂಮ್) ತಿರುಗುತ್ತೇವೆ. ಅದು 30ರಿಂದ 35 ಡಿಗ್ರಿಯಲ್ಲೂ ಚೆನ್ನಾಗಿ ಬರುತ್ತದೆ. ಚೀಲದ ಮೇಲೆ ಹದ ಮಾಡಿದ ಮಣ್ಣು ಹೊದಿಸುವ ಕೆಲಸ ಒಂದು ಜಾಸ್ತಿ. ಕೊಯ್ದ ಮೇಲೆ ಚಿಪ್ಪು ಅಣಬೆಗಿಂತ ಹೆಚ್ಚು ದಿನ ತಾಳುವುದರಿಂದ ಬೆಂಗಳೂರಿಗೆ ಕಳಿಸುವುದೂ ಸುಲಭ.