ಹಠ ಹಿಡಿದು ಕಾವಿಗೆ ಕುಳಿತ ಹೇಂಟೆಯ ಕಾವು ಬಿಡಿಸುವ ಬಗೆ

ಹಿತ್ತಲಿನಲ್ಲಿ ನಾಲ್ಕಾರು ನಾಟಿ ಕೋಳಿ ಸಾಕಿದವರಿಗೆ ಈ ಪರಿಸ್ಥಿತಿ ಹೊಸದಲ್ಲ. 12ರಿಂದ 15 ಮೊಟ್ಟೆ ಇಟ್ಟ ಹೇಂಟೆ ಒಂದು ದಿನ ಗೂಡಿನಿಂದ ಏಳುವುದನ್ನೇ ನಿಲ್ಲಿಸುತ್ತದೆ. ಮರಿ ಬೇಕೆನ್ನುವವರಿಗೆ ಇದು ಭಾಗ್ಯವೇ ಸರಿ. ಆದರೆ ಮರಿ ಬೇಡದ ಮನೆಯಲ್ಲಿ, ಅಥವಾ ಹುಂಜವೇ ಇಲ್ಲದ ಹಿಂಡಿನಲ್ಲಿ, ಅದೇ ಕೋಳಿ ವಾರಗಟ್ಟಲೆ ಬರಿಗೂಡಿನ ಮೇಲೆ ಕುಳಿತು ಸೊರಗುತ್ತದೆ. ಮೊಟ್ಟೆ ಒಡೆದು ಮರಿಯಾಗಲು 21 ದಿನ ಬೇಕೆಂಬುದು ನಮ್ಮ ಲೆಕ್ಕ. ಕೋಳಿಗೆ ಅಂಥ ಲೆಕ್ಕವಿಲ್ಲ. ಮರಿ ಹೊರಬರದಿದ್ದರೆ ಅದು 21 ದಿನ ದಾಟಿದರೂ ಕುಳಿತೇ ಇರಬಹುದು.

ಮೊದಲು ಅದು ಕಾವೇ ಹೌದೆಂದು ಖಚಿತಪಡಿಸಿಕೊಳ್ಳಬೇಕು. ಕಾವಿಗೆ ಕುಳಿತ ಕೋಳಿಯ ಹತ್ತಿರ ಕೈ ಚಾಚಿದರೆ ಮೈಯ ಪುಕ್ಕವನ್ನೆಲ್ಲ ಕೆದರಿಕೊಂಡು ಇಮ್ಮಡಿ ಗಾತ್ರವಾಗುತ್ತದೆ, ಗಂಟಲಿನೊಳಗೇ ಗುರುಗುಟ್ಟುತ್ತದೆ, ಕುಕ್ಕಲೂ ಬರುತ್ತದೆ. ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಹೊತ್ತು ಮಾತ್ರ ಕೆಳಗಿಳಿದು, ಕ್ಲೊಕ್ ಕ್ಲೊಕ್ ಎನ್ನುತ್ತ ಅವಸರದಲ್ಲಿ ಕಾಳು ತಿಂದು, ನೀರು ಕುಡಿದು, ದೊಡ್ಡ ಗಾತ್ರದ, ಮೂಗು ಮುಚ್ಚಿಕೊಳ್ಳುವಷ್ಟು ನಾರುವ ಹಿಕ್ಕೆ ಹಾಕಿ ಮತ್ತೆ ಗೂಡು ಸೇರುತ್ತದೆ. ರೋಗ ಬಂದ ಕೋಳಿಗೆ ಈ ಸಿಟ್ಟು ಇರುವುದಿಲ್ಲ. ಮುದುರಿ ಕುಳಿತು, ಕೈ ಹಾಕಿದರೂ ಸುಮ್ಮನಿದ್ದು, ಹಿಕ್ಕೆ ಹಸಿರಾಗಿಯೋ ನೀರಾಗಿಯೋ ಇದ್ದರೆ ಅದು ಪಶುವೈದ್ಯರಿಗೆ ತೋರಿಸಬೇಕಾದ ಕೋಳಿ.

ಸಂಜೆ ಹೊತ್ತು ಅದರ ಹೊಟ್ಟೆಯ ಕೆಳಗೆ ಮೆಲ್ಲನೆ ಅಂಗೈ ತೂರಿಸಿ ನೋಡಿ. ಎದೆಯ ಕೆಳಭಾಗದ ಪುಕ್ಕ ಉದುರಿ ಚರ್ಮ ಬೋಳಾಗಿರುತ್ತದೆ. ಆ ಬೋಳು ಚರ್ಮದ ಬಿಸಿ ನೇರವಾಗಿ ಕೈಗೆ ತಾಗುತ್ತದೆ. ಕಾವು ಬಿಡಿಸುವ ಉಪಾಯವೆಲ್ಲ ಅಂಗೈಯಗಲದ ಈ ಜಾಗದ ಮೇಲೆ ನಿಂತಿದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾದಾಗ ಕೋಳಿ ಮೊಟ್ಟೆ ನಿಲ್ಲಿಸಿ ಕಾವಿಗೆ ಕೂರುತ್ತದೆ. ಕುಳಿತ ಮೇಲೆ ಗೂಡೂ ಮೊಟ್ಟೆಯೂ ಆ ಬೋಳು ಚರ್ಮಕ್ಕೆ ತಾಗುತ್ತಿರುವುದೇ ಹಾರ್ಮೋನನ್ನು ಮೇಲ್ಮಟ್ಟದಲ್ಲಿ ಉಳಿಸುತ್ತದೆ. ಆದ್ದರಿಂದ ಆ ಸ್ಪರ್ಶವನ್ನೂ ಬೆಚ್ಚಗಿನ ಕತ್ತಲೆಯನ್ನೂ ತಪ್ಪಿಸಿದರೆ ಕಾವು ತಾನಾಗಿಯೇ ಇಳಿಯುತ್ತದೆ.

ಇದು ತಿಳಿಯದೆ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಮ್ಮ ಹಿತ್ತಲಿನಲ್ಲಿ ಕೆಂಪಿ ಎಂದು ಕರೆಯುತ್ತಿದ್ದ ಹೇಂಟೆಯನ್ನು ಮಂಕರಿಯಿಂದ ಎತ್ತಿ ಹೊರಗೆ ಬಿಡುತ್ತಿದ್ದೆ. ನಾನು ಬೆನ್ನು ತಿರುಗಿಸುವಷ್ಟರಲ್ಲಿ ಅದು ಒಳಗಿರುತ್ತಿತ್ತು. ಮಂಕರಿಯನ್ನೇ ಎತ್ತಿಟ್ಟೆ. ಕೋಳಿ ಒರಳುಕಲ್ಲಿನ ಸಂದಿಗೆ ಹೋಗಿ, ಅಲ್ಲಿ ಬಿದ್ದಿದ್ದ ಒಂದು ಗುಂಡುಕಲ್ಲನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡು ಒಂಬತ್ತು ದಿನ ಕುಳಿತಿತ್ತು. ಗೂಡು ತಪ್ಪಿಸಿದರೆ ಸಾಲದು, ಕೋಳಿ ಇನ್ನೊಂದು ಮೂಲೆ ಹುಡುಕದಂತೆಯೂ ನೋಡಿಕೊಳ್ಳಬೇಕೆಂದು ನನಗೆ ಅರ್ಥವಾದದ್ದು ಆಗ.

ಅದಕ್ಕೆ ತಳಕ್ಕೂ ತಂತಿಬಲೆಯೇ ಇರುವ ಪಂಜರ ಬೇಕು. ಒಂದು ಕೋಳಿಗೆ ಎರಡಡಿ ಉದ್ದ, ಎರಡಡಿ ಅಗಲ, ಅದು ನೆಟ್ಟಗೆ ನಿಲ್ಲುವಷ್ಟು ಎತ್ತರ ಸಾಕು. ತಳದ ಬಲೆಯ ಕಣ್ಣು ಅರ್ಧ ಇಂಚಿನಿಂದ ಒಂದು ಇಂಚಿನೊಳಗಿರಲಿ. ಅದಕ್ಕಿಂತ ದೊಡ್ಡದಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಪಂಜರದ ನಾಲ್ಕು ಮೂಲೆಗಳ ಕೆಳಗೆ ಇಟ್ಟಿಗೆ ಅಥವಾ ಹಾಲೋಬ್ಲಾಕ್ ಕೊಟ್ಟು, ನೆಲದಿಂದ ಒಂದಡಿಯಾದರೂ ಎತ್ತರಿಸಿ, ತಳದಿಂದ ಗಾಳಿ ಆಡುವಂತೆ ಮಾಡಬೇಕು. ಒಳಗೆ ಹುಲ್ಲು, ಗೋಣಿಚೀಲ, ಕಾಗದ ಏನನ್ನೂ ಹಾಸಬಾರದು. ಮರುಕಪಟ್ಟು ಒಂದು ಹಿಡಿ ಹುಲ್ಲು ಹಾಕಿದರೆ ಕೋಳಿ ಅದರ ಮೇಲೇ ಕೂರುತ್ತದೆ, ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಪಂಜರ ನೆರಳಿನಲ್ಲಿರಬೇಕು, ಆದರೆ ಕತ್ತಲೆಯಲ್ಲಿ ಇರಬಾರದು. ಉಳಿದ ಕೋಳಿಗಳು ಅಡ್ಡಾಡುವುದು ಕಣ್ಣಿಗೆ ಬೀಳುವಂತಿದ್ದರೆ ಇನ್ನೂ ಒಳ್ಳೆಯದು, ಮುಂದೆ ಹಿಂಡಿಗೆ ಸೇರಿಸುವಾಗ ಕಾದಾಟ ಕಡಿಮೆ.

ಕಾಳು ಮತ್ತು ನೀರು ಸದಾ ಇರಲಿ. ಉಪವಾಸ ಹಾಕಿದರೆ ಕಾವು ಇಳಿಯುತ್ತದೆಂದು ಹೇಳುವವರಿದ್ದಾರೆ; ಅಷ್ಟು ದಿನ ಅರೆಹೊಟ್ಟೆಯಲ್ಲಿದ್ದ ಕೋಳಿಯನ್ನು ಮತ್ತೆ ಹಸಿವಿನಲ್ಲಿ ಕೆಡವುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪುಕ್ಕವನ್ನು ಮೂಗಿನ ಹೊಳ್ಳೆಗೆ ಚುಚ್ಚಿ ಬಿಡುವ ಹಳೆಯ ಪದ್ಧತಿಯಂತೂ ಹಿಂಸೆ, ಗಾಯಕ್ಕೆ ಕೀವು ತುಂಬುವ ಅಪಾಯವೂ ಇದೆ. ಬಕೆಟ್ ನೀರಿನಲ್ಲಿ ಅದ್ದುವುದನ್ನೂ ನಾನು ಒಪ್ಪುವುದಿಲ್ಲ. ಪುಕ್ಕ ತೊಯ್ದ ಕೋಳಿ ಮಳೆಗಾಲದಲ್ಲಿ ಬೇಗ ಒಣಗದೆ ಥಂಡಿಯಿಂದ ನರಳುತ್ತದೆ, ಮೈ ಒಣಗಿದ ಮೇಲೆ ಮತ್ತೆ ಗೂಡಿನ ಕಡೆಗೇ ನಡೆಯುತ್ತದೆ.

ರಾತ್ರಿಯಲ್ಲಿ ಕೋಳಿಯನ್ನು ಪಂಜರದಿಂದ ತೆಗೆದು ಗೂಡಿಗೆ ಬಿಡುವುದು ಹೆಚ್ಚಿನವರು ಮಾಡುವ ತಪ್ಪು. ಹನ್ನೆರಡು ತಾಸು ಬೆಚ್ಚಗೆ ಕುಳಿತರೆ ಹಗಲಿನ ಶ್ರಮವೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಮುಂಗುಸಿ, ಕಾಡುಬೆಕ್ಕು, ನಾಯಿಗಳ ಭಯವಿದ್ದರೆ ಪಂಜರವನ್ನೇ ಎತ್ತಿ ಕೊಟ್ಟಿಗೆಯೊಳಗೆ ತಂದು, ಇಟ್ಟಿಗೆಗಳ ಮೇಲೆಯೇ ಇಟ್ಟು ಬಾಗಿಲು ಹಾಕಿಕೊಳ್ಳಬೇಕು.

ಮೂರು ಹಗಲು, ಮೂರು ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಪಂಜರದ ಬಾಗಿಲು ತೆಗೆದು ದೂರದಲ್ಲಿ ನಿಂತು ನೋಡಿ. ಪುಕ್ಕ ಮೈಗೆ ಅಂಟಿ, ಕ್ಲೊಕ್ ಎನ್ನುವ ದನಿ ನಿಂತು, ಕೋಳಿ ನೆಲ ಕೆರೆಯುತ್ತ ಹಿಂಡಿನ ಕಡೆ ನಡೆದರೆ ಕಾವು ಬಿಟ್ಟಿದೆ. ಮೈ ಉಬ್ಬಿಸಿಕೊಂಡು ನೇರ ಗೂಡಿಗೆ ಹೊರಟರೆ ಇನ್ನೆರಡು ದಿನ ಒಳಗಿರಲಿ. ಕುಳಿತ ಮೊದಲ ಅಥವಾ ಎರಡನೆಯ ದಿನವೇ ಪಂಜರ ಸೇರಿದ ಕೋಳಿಗೆ ಸಾಮಾನ್ಯವಾಗಿ ಮೂರು ದಿನ ಸಾಕಾಗುತ್ತದೆ. ಹತ್ತು ದಿನ ಕುಳಿತ ಮೇಲೆ ಹಿಡಿದದ್ದಕ್ಕೆ ಒಂದು ವಾರವೂ ಬೇಕಾಗಬಹುದು. ಇಂದು ನಾಳೆ ಎಂದು ಮುಂದೂಡಬಾರದೆನ್ನುವುದು ಇದಕ್ಕೇ. ಬೇಸಿಗೆಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿ ನೀರಿಗೂ ಏಳದೆ ಕುಳಿತ ಕೋಳಿ ಬಿಸಿಲ ಬೇಗೆಗೆ ಸತ್ತೇ ಹೋಗಬಹುದು.

ಬಿಟ್ಟ ದಿನ ಅದರ ಹಳೆಯ ಗೂಡಿನ ಬಾಯಿಗೆ ಹಲಗೆ ಅಡ್ಡ ಇಡಿ. ಉಳಿದ ಕೋಳಿಗಳಿಗೆ ಬೇರೊಂದು ಬುಟ್ಟಿ ಇರಲಿ. ಮೊಟ್ಟೆಗಳನ್ನು ದಿನಕ್ಕೆ ಎರಡು ಸಲ ಆಯ್ದುಕೊಳ್ಳಬೇಕು, ಏಕೆಂದರೆ ರಾಶಿ ಬಿದ್ದ ಮೊಟ್ಟೆ ಕಂಡರೆ ಹೇಂಟೆಗೆ ಮತ್ತೆ ಕೂರುವ ಮನಸ್ಸಾಗುತ್ತದೆ. ಹಳೆಯ ಹುಲ್ಲನ್ನು ಸುಟ್ಟು, ಗೂಡನ್ನು ಬಿಸಿಲಿಗೊಡ್ಡಿ, ಕೋಳಿಯ ರೆಕ್ಕೆಯಡಿಯನ್ನೂ ಗುದದ ಸುತ್ತಲನ್ನೂ ಬಿಡಿಸಿ ಹೇನು ಇದೆಯೇ ನೋಡಬೇಕು. ಕಾವಿಗೆ ಕುಳಿತದ್ದು ಮಣ್ಣಿನಲ್ಲಿ ಹೊರಳುವುದನ್ನು ಕಡಿಮೆ ಮಾಡಿರುವುದರಿಂದ ಹೇನು ಏರಿರುವ ಸಂಭವ ಹೆಚ್ಚು. ಒಣಮಣ್ಣಿಗೆ ಜರಡಿ ಹಿಡಿದ ಒಲೆಬೂದಿ ಬೆರೆಸಿ ಒಂದು ಮೂಲೆಯಲ್ಲಿ ಸುರಿದರೆ ಅದೇ ಹೋಗಿ ಹೊರಳಿಕೊಳ್ಳುತ್ತದೆ. ಇಳಿದ ಮೈ ತುಂಬಲು ರಾಗಿ, ಜೋಳದ ಜೊತೆ ಕಡಲೆಕಾಯಿ ಹಿಂಡಿಯನ್ನೂ ನುಗ್ಗೆ ಸೊಪ್ಪನ್ನೂ ಕೊಡಬಹುದು. ಮತ್ತೆ ಮೊಟ್ಟೆ ಇಡಲು ಒಂದರಿಂದ ಮೂರು ವಾರ ಹಿಡಿಯುತ್ತದೆ.

ಎಷ್ಟು ಸಲ ಬಿಡಿಸಿದರೂ ಪ್ರತಿ ಸರದಿಯ ಮೊಟ್ಟೆ ಮುಗಿಯುತ್ತಲೇ ಮತ್ತೆ ಕೂರುವ ಕೋಳಿಗಳಿವೆ. ಇದು ರಕ್ತದಲ್ಲಿ ಬಂದ ಗುಣ, ನಾವು ತಿದ್ದುವಂಥದ್ದಲ್ಲ. ಮೊಟ್ಟೆಯೇ ಮುಖ್ಯವೆನ್ನುವವರು ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ, ಕಾವಿನ ಹಂಬಲ ಕಡಿಮೆಯಿರುವ ತಳಿಗಳನ್ನು ಸಾಕುವುದು ಮೇಲು. ಹಠದ ಹೇಂಟೆಯನ್ನು ಮಾತ್ರ ಹೊಡೆದು ಸಾರು ಮಾಡುವ ಮೊದಲು ಒಮ್ಮೆ ತಾಯ್ತನಕ್ಕೆ ಬಿಟ್ಟು ನೋಡಿ. ಹುಂಜವಿರುವ ಮನೆಯಿಂದ ವಾರದೊಳಗಿನ 10 ಮೊಟ್ಟೆ ತಂದು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ರಾತ್ರಿ ಹೊತ್ತು ಅದರ ಹೊಟ್ಟೆಯಡಿ ಸೇರಿಸಬೇಕು. ಬೇರೆ ಕೋಳಿ ಬಂದು ಇಟ್ಟ ಗುರುತಿಲ್ಲದ ಮೊಟ್ಟೆಯನ್ನು ದಿನವೂ ತೆಗೆಯಬೇಕು. ಏಳನೆಯ ರಾತ್ರಿ ಮೊಬೈಲಿನ ಟಾರ್ಚಿಗೆ ಹಿಡಿದರೆ ಕೆಂಪು ನರಗಳು ಜೇಡರ ಬಲೆಯಂತೆ ಕಾಣುತ್ತವೆ. ಏನೂ ಕಾಣದ ಮೊಟ್ಟೆಯನ್ನು ಹೊರಗಿಡಬಹುದು. ಕೊನೆಯ ಮೂರು ದಿನ ಗೂಡಿಗೆ ಕೈ ಹಾಕಬಾರದು. 23ನೆಯ ದಿನಕ್ಕೂ ಒಂದೂ ಒಡೆಯದಿದ್ದರೆ ಮೊಟ್ಟೆಗಳನ್ನು ಹೂತು, ಕೋಳಿಯನ್ನು ಪಂಜರಕ್ಕೆ ಹಾಕಿ.

ಕೆಂಪಿ ಆಮೇಲೆ ಹೀಗೆಯೇ ಅಕ್ಕಪಕ್ಕದ ಮೂರು ಮನೆಯ ಮೊಟ್ಟೆಗಳಿಗೆ ಕಾವು ಕೊಟ್ಟಿತು. ಪಂಜರವನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ; ಕ್ಯಾಲೆಂಡರಿನಲ್ಲಿ ಮೊದಲ ಮೊಟ್ಟೆಯ ದಿನ ಗುರುತು ಹಾಕಿದ್ದರೆ ಅದು ಮತ್ತೆ ಯಾವ ವಾರ ಬೇಕಾಗಬಹುದೆಂದು ಮೊದಲೇ ತಿಳಿಯುತ್ತದೆ.